ನಮ್ಮ ಮನೆಗೆ ಆಪರೇಷನ್ ಆಗಿಬರೋದಿಲ್ಲ!

ಆಪರೇಷನ್ ಎಂದ ಕೂಡಲೇ ಎಲ್ಲರ ಕಣ್ಣಿಗೆ ಕಟ್ಟುವುದು ಸರ್ಜನ್ನರು, ಅವರ ಕೈಯ ಚಾಕು, ಕತ್ತರಿ. ರೋಗಿಯ ತಲೆಯ ಬಳಿ ಒಂದು ಸ್ಟೂಲು ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೂ ಅಲ್ಲಿಂದ ಕದಲದೆ ಕೂತಿರುವ ಇನ್ನೊಬ್ಬ ಡಾಕ್ಟರ್ ಇರುತ್ತಾರೆ ಎಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾಗುವಷ್ಟರಲ್ಲಿ ನಾವು ಅವರನ್ನು ಮಲಗಿಸಿಬಿಟ್ಟಿರುತ್ತೇವೆ! ಅರಿವಳಿಕೆ ವೈದ್ಯೆಯಾಗಿ ಮೂವತ್ತೊಂದು ವರ್ಷ ನಾನು ಕೂತದ್ದು ಆ ಸ್ಟೂಲಿನ ಮೇಲೆ. ಈಗ ನಿವೃತ್ತಿಯಾಗಿದೆ. ಮೊಮ್ಮಕ್ಕಳ ಹೋಮ್‌ವರ್ಕ್ ನೋಡುತ್ತಾ, ಸೊಸೆಯ ಕೈತೋಟಕ್ಕೆ ನೀರು ಹಾಕುತ್ತಾ ಇದ್ದೇನೆ.

ನಮ್ಮ ಕೆಲಸ ಆಪರೇಷನ್ ದಿನ ಶುರುವಾಗುವುದಿಲ್ಲ. ಮುನ್ನಾ ದಿನ ಸಂಜೆ ವಾರ್ಡಿಗೆ ಹೋಗಿ ರೋಗಿಯನ್ನು ಮಾತನಾಡಿಸಬೇಕು. ಬಿಪಿ ಇದೆಯೇ, ಸಕ್ಕರೆ ಇದೆಯೇ, ಹಲ್ಲು ಅಲ್ಲಾಡುತ್ತಿದೆಯೇ, ಬೀಡಿ ಸೇದುತ್ತೀರಾ ಎಂದೆಲ್ಲ ಕೇಳಬೇಕು. ಕೊನೆಗೊಂದು ಪ್ರಶ್ನೆ: "ನಿಮಗಾಗಲೀ ನಿಮ್ಮ ರಕ್ತಸಂಬಂಧಿಗಳಿಗಾಗಲೀ ಹಿಂದೆ ಯಾವಾಗಲಾದರೂ ಆಪರೇಷನ್ ಹೊತ್ತಿನಲ್ಲಿ ತೊಂದರೆ ಆಗಿತ್ತಾ?"

ನೂರಕ್ಕೆ ತೊಂಬತ್ತು ಮಂದಿ "ಏನೂ ಇಲ್ಲ ಡಾಕ್ಟ್ರೇ" ಎನ್ನುತ್ತಿದ್ದರು. ಉಳಿದವರಲ್ಲಿ ಕೆಲವರು, ಅದರಲ್ಲೂ ವಯಸ್ಸಾದವರು, ಸ್ವಲ್ಪ ತಡೆದು ಹೇಳುತ್ತಿದ್ದ ಮಾತೊಂದಿತ್ತು: "ನಮ್ಮ ಮನೆಗೆ ಆಪರೇಷನ್ ಆಗಿಬರೋದಿಲ್ಲ."

ನಮ್ಮಲ್ಲಿ ಎಷ್ಟೋ ಸಂಗತಿಗಳು ಹೀಗೆ "ಆಗಿಬರೋದಿಲ್ಲ". ಒಂದು ಮನೆಗೆ ಹಂದರದ ಮೇಲೆ ಹಾಗಲ ಹಬ್ಬಿಸುವುದು ಆಗಿಬರುವುದಿಲ್ಲ, ಇನ್ನೊಂದು ಮನೆಗೆ ಮಂಗಳವಾರದ ಪ್ರಯಾಣ ಆಗಿಬರುವುದಿಲ್ಲ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಆಪರೇಷನ್ ವಿಷಯದಲ್ಲಿ ಈ ಮಾತು ಕೇಳಿದರೆ ನಾನು ನಗುತ್ತಿರಲಿಲ್ಲ. ಪೆನ್ನು ಜೇಬಿಗಿಟ್ಟು, ಮಂಚದ ಅಂಚಿನಲ್ಲಿ ಕೂತು, "ಏನಾಯ್ತು, ಪೂರ್ತಿ ಹೇಳಿ" ಎನ್ನುತ್ತಿದ್ದೆ. ಏಕೆಂದರೆ ಕೆಲವು ಮನೆಗಳಿಗೆ ಕೆಲವು ಔಷಧಗಳು ನಿಜಕ್ಕೂ ಆಗಿಬರುವುದಿಲ್ಲ. ಅಂಥ ಮನೆಗಳು ಬಹಳ ಕಡಿಮೆ. ಆದರೆ ಇವೆ.

ಅದು ಹೇಗೆ ಎಂದು ಹೇಳುವ ಮೊದಲು ಮಕ್ಕಳಿಗಾಗಿ ಒಂದು ಕತ್ತೆಯ ಕಥೆ. ಇದು ನಿಜವಾಗಿ ನಡೆದದ್ದು.

ದಕ್ಷಿಣ ಅಮೆರಿಕದ ಕಾಡುಜನ ಬೇಟೆಗೆ ಹೋಗುವಾಗ ಬಾಣದ ತುದಿಗೆ ಒಂದು ಬಳ್ಳಿಯ ರಸ ಸವರುತ್ತಿದ್ದರು. ಅದರ ಹೆಸರು ಕ್ಯುರಾರೆ. ಬಾಣ ತಗುಲಿದ ಪ್ರಾಣಿಯ ಕೈಕಾಲು ಸೋತು, ಉಸಿರು ನಿಂತು, ಅದು ಕೆಳಗೆ ಬೀಳುತ್ತಿತ್ತು. ಚಾರ್ಲ್ಸ್ ವಾಟರ್‌ಟನ್ ಎಂಬ ಇಂಗ್ಲಿಷ್ ಪ್ರವಾಸಿಗ ಆ ವಿಷವನ್ನು ಇಂಗ್ಲೆಂಡಿಗೆ ತಂದ. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣುಕತ್ತೆಯ ಭುಜಕ್ಕೆ ಅದನ್ನು ಚುಚ್ಚಿದರು. ಹತ್ತು ನಿಮಿಷದಲ್ಲಿ ಕತ್ತೆ ಸತ್ತಂತೆ ಬಿದ್ದಿತು. ಆಗ ಅದರ ಗಂಟಲ ಕೊಳವೆಯಲ್ಲಿ ಸಣ್ಣ ರಂಧ್ರ ಮಾಡಿ, ಕಮ್ಮಾರರ ಕುಲುಮೆಯಲ್ಲಿರುತ್ತದಲ್ಲ, ಅಂಥ ತಿದಿಯಿಂದ ಶ್ವಾಸಕೋಶಕ್ಕೆ ಗಾಳಿ ಊದತೊಡಗಿದರು. ಎರಡು ಗಂಟೆ ಕಳೆದ ಮೇಲೆ ಕತ್ತೆ ತಲೆಯೆತ್ತಿ ಸುತ್ತ ನೋಡಿತು. ಊದುವುದನ್ನು ನಿಲ್ಲಿಸಿದರೆ ಮತ್ತೆ ಕುಸಿಯಿತು. ಇನ್ನೂ ಎರಡು ಗಂಟೆ ಊದಿದರು. ಕತ್ತೆ ಬದುಕಿತು! ವಿಷದ ಹೆಸರಿನಿಂದಲೇ ಅದಕ್ಕೆ ವೌರಾಲಿಯಾ ಎಂದು ನಾಮಕರಣವಾಯಿತು. ವಾಟರ್‌ಟನ್ನನ ಎಸ್ಟೇಟಿನಲ್ಲಿ ಹುಲ್ಲು ಮೇಯುತ್ತಾ ಅದು 1839ರವರೆಗೆ ಇತ್ತು.

ಆ ವಿಷ ಹೃದಯವನ್ನು ನಿಲ್ಲಿಸಿರಲಿಲ್ಲ, ಮಿದುಳನ್ನು ಕೆಡಿಸಿರಲಿಲ್ಲ. ಅದು ಮಾಡಿದ್ದು ಒಂದೇ ಕೆಲಸ: ನರ ಕೊಟ್ಟ ಆಜ್ಞೆ ಸ್ನಾಯುವಿಗೆ ಮುಟ್ಟದಂತೆ ತಡೆದದ್ದು. ನಮ್ಮ ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಸಂದು ಇದೆ. "ಕೈ ಎತ್ತು" ಎಂದು ಮಿದುಳು ಹೇಳಿದರೆ, ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು, ಆ ಸಂದನ್ನು ದಾಟಿ, ಸ್ನಾಯುವಿನ ಬೀಗಕ್ಕೆ ಕೀಲಿಯಂತೆ ಕೂರುತ್ತದೆ. ಆಗ ಕೈ ಏಳುತ್ತದೆ. ಕೀಲಿಯ ಜಾಗದಲ್ಲಿ ಬೇರೇನೋ ಬಂದು ಕೂತುಬಿಟ್ಟರೆ ಕೈಯೂ ಏಳದು, ಉಸಿರಾಡುವ ಎದೆಯೂ ಏಳದು. ಆದರೆ ಬೇರೆ ಯಾರಾದರೂ ನಮ್ಮ ಪರವಾಗಿ ಉಸಿರಾಡಿಸುತ್ತಿದ್ದರೆ, ವಿಷ ಕರಗುವವರೆಗೆ ಪ್ರಾಣ ನಿಲ್ಲುತ್ತದೆ. ಕತ್ತೆ ಕಲಿಸಿದ ಪಾಠ ಇದು.

ಈ ಪಾಠದಿಂದಲೇ ಮುಂದೆ ಶಸ್ತ್ರಚಿಕಿತ್ಸೆಗೆ ದೊಡ್ಡ ಉಪಕಾರವಾಯಿತು. 1942ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ರೋಗಿಗೆ ಅರಿವಳಿಕೆಯ ಜೊತೆಗೆ ಶುದ್ಧೀಕರಿಸಿದ ಕ್ಯುರಾರೆ ಕೊಟ್ಟರು. ಹೊಟ್ಟೆಯ ಸ್ನಾಯು ಹತ್ತಿಯಂತೆ ಮೆತ್ತಗಾಯಿತು. ಆಮೇಲೆ 1950ರ ಆಸುಪಾಸಿನಲ್ಲಿ ಸಕ್ಸಿನೈಲ್‌ಕೋಲಿನ್ ಬಂದಿತು. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಇದನ್ನು ಎಲ್ಲರೂ ಕರೆಯುವುದು ಸ್ಕೋಲಿನ್ ಎಂದು. ಎರಡು ಅಸಿಟೈಲ್‌ಕೋಲಿನ್ ಅಣುಗಳನ್ನು ಜೋಡಿಸಿ ಕಟ್ಟಿದಂಥ ರಚನೆ ಅದರದ್ದು. ಇದರ ಗುಣ ನೋಡಿ ಮೆಚ್ಚಿದ ಇಟಲಿಯ ವಿಜ್ಞಾನಿ ಡೇನಿಯಲ್ ಬೋವೆ, ಇದನ್ನೂ ಒಳಗೊಂಡ ಹಲವು ಔಷಧಗಳ ಸಂಶೋಧನೆಗಾಗಿ 1957ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಸ್ಕೋಲಿನ್ನಿನ ಹೆಚ್ಚುಗಾರಿಕೆ ಅದರ ಚುರುಕಿನಲ್ಲಿದೆ. ಚುಚ್ಚಿದ ಒಂದು ನಿಮಿಷದೊಳಗೆ ಮೈಯ ಸ್ನಾಯುಗಳೆಲ್ಲ ಸಡಿಲ. ಆಗ ನಾವು ಗಂಟಲಿನೊಳಗೆ ಉಸಿರಾಟದ ಕೊಳವೆಯನ್ನು ಸಲೀಸಾಗಿ ಇಳಿಸಬಹುದು. ಐದರಿಂದ ಹತ್ತು ನಿಮಿಷದಲ್ಲಿ ಔಷಧ ಖಾಲಿ. ರೋಗಿ ತಾನೇ ಉಸಿರಾಡತೊಡಗುತ್ತಾನೆ. ತುರ್ತು ಪ್ರಸಂಗಗಳಲ್ಲಿ ಇದು ಎಷ್ಟು ಜೀವಗಳನ್ನು ಉಳಿಸಿದೆಯೋ ಲೆಕ್ಕವಿಲ್ಲ. ಅಷ್ಟು ಬೇಗ ಅದು ಖಾಲಿಯಾಗುವುದಕ್ಕೆ ಕಾರಣ ನಮ್ಮ ರಕ್ತದಲ್ಲಿರುವ ಒಂದು ಕಿಣ್ವ. ಅದರ ಹೆಸರು ಉದ್ದ: ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್. ಹೆಸರು ಮರೆತರೂ ಚಿಂತೆಯಿಲ್ಲ. ಲಿವರ್ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅದು ಸ್ಕೋಲಿನ್ನನ್ನು ಕತ್ತರಿಸಿ ಹಾಕುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಈ ಕತ್ತರಿ ಹುಟ್ಟಿನಿಂದಲೇ ಕೆಲವರಲ್ಲಿ ಮೊಂಡು. ಕೆಲವರಲ್ಲಿ ಇಲ್ಲವೇ ಇಲ್ಲ. ಅಂಥವರಿಗೆ ದಿನನಿತ್ಯದ ಬದುಕಿನಲ್ಲಿ ಏನೂ ಆಗುವುದಿಲ್ಲ. ಶಾಲೆಗೆ ಹೋಗುತ್ತಾರೆ, ಕಬಡ್ಡಿ ಆಡುತ್ತಾರೆ, ಎಂಬತ್ತು ವರ್ಷ ಬಾಳುತ್ತಾರೆ. ಸ್ಕೋಲಿನ್ ಕೊಟ್ಟ ದಿನ ಮಾತ್ರ ಐದು ನಿಮಿಷದ ಔಷಧ ಗಂಟೆಗಟ್ಟಲೆ ಇಳಿಯುವುದಿಲ್ಲ. ಆಪರೇಷನ್ ಮುಗಿದಿರುತ್ತದೆ, ಹೊಲಿಗೆ ಹಾಕಿ ಆಗಿರುತ್ತದೆ, ರೋಗಿ ಬೆರಳನ್ನೂ ಅಲ್ಲಾಡಿಸುವುದಿಲ್ಲ, ಉಸಿರನ್ನೂ ಎಳೆಯುವುದಿಲ್ಲ. ಇದಕ್ಕೆ ಮದ್ದು ಕತ್ತೆಗೆ ಮಾಡಿದ್ದೇ. ರೋಗಿ ಗಾಬರಿಯಾಗದಂತೆ ನಿದ್ದೆಯಲ್ಲೇ ಇಟ್ಟು, ಔಷಧ ತಾನಾಗಿ ಕರಗುವವರೆಗೆ ಅವರ ಪರವಾಗಿ ಉಸಿರಾಡಿಸುತ್ತಾ ಕೂರುವುದು. ಈಗ ಆ ಕೆಲಸ ಯಂತ್ರದ್ದು. ಹಿಂದೆ ಅನೇಕ ಊರುಗಳಲ್ಲಿ ವೆಂಟಿಲೇಟರ್ ಇರಲಿಲ್ಲ. ಡಾಕ್ಟರೋ ನರ್ಸೋ ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತಲೇ ಇರಬೇಕಿತ್ತು.

ಆ ಚೀಲದ ಮಾತು ಬಂದದ್ದರಿಂದ ಒಬ್ಬ ಹುಡುಗನ ವಿಷಯ ಹೇಳಬೇಕು.

ನಾನು ಬಯಲುಸೀಮೆಯ ಊರೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಅಪೆಂಡಿಕ್ಸ್ ನೋವಿನಿಂದ ಬಂದು ಸೇರಿದ್ದಳು. ಜೊತೆಗೆ ಅವಳ ತಂದೆ, ಮತ್ತು ಐದನೇ ಇಯತ್ತೆ ಓದುತ್ತಿದ್ದ ಮಗ. ನಾನು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಕೊನೆಯ ಪ್ರಶ್ನೆಗೆ ಯಜಮಾನರು ತಲೆಯಾಡಿಸಿ, "ಹಂಗೇನೂ ಇಲ್ಲಮ್ಮ" ಎಂದರು. ನಾನು ಏಳುವುದರಲ್ಲಿದ್ದೆ.

"ಅಜ್ಜಾ, ಸಣ್ಣಜ್ಜಿ ಕಥೆ ಹೇಳ್ಲೇ ಇಲ್ವಲ್ಲ," ಎಂದ ಹುಡುಗ. "ರಾತ್ರಿಯೆಲ್ಲ ಡಾಕ್ಟ್ರು ಬಲೂನು ಒತ್ತಿದ್ರಲ್ಲ, ಬೆಳಗಿನ ಜಾವ ಕೋಳಿ ಕೂಗಿದ ಮೇಲೆ ಸಣ್ಣಜ್ಜಿ ಕಣ್ಣು ಬಿಟ್ಟಳಲ್ಲ, ಅದು!"

ಯಜಮಾನರು ಹುಡುಗನ ತೋಳು ಹಿಡಿದು ಎಳೆದರು. "ಸುಮ್ನಿರೋ, ಬಿಡ್ತು ಅನ್ನು. ಅಮ್ಮನ ಆಪರೇಷನ್ ಇಟ್ಕೊಂಡು ಅದನ್ಯಾಕೆ ತೆಗೀತೀಯ?"

ಆ ಹುಡುಗನಿಗೆ ಅದು ರಾತ್ರಿ ಮಲಗುವಾಗ ಕೇಳಿದ ಕಥೆ. ಸಣ್ಣಜ್ಜಿ ಎಂದರೆ ಯಜಮಾನರ ತಂಗಿ. ಹುಡುಗಿಯಾಗಿದ್ದಾಗ ಗಂಟಲಿನ ಗಡ್ಡೆ ತೆಗೆಸಲು ದೂರದ ಊರಿಗೆ ಕರೆದುಕೊಂಡು ಹೋಗಿದ್ದರಂತೆ. ಮುಕ್ಕಾಲು ಗಂಟೆಯ ಕೆಲಸ ಎಂದಿದ್ದರು. ಬೆಳಗಾದರೂ ಮುಗಿಯಲಿಲ್ಲ. ಹೊರಗೆ ಕೂತಿದ್ದ ಮನೆಯವರು ಆಸೆ ಬಿಟ್ಟಿದ್ದರು. ಕಿಟಕಿಯ ಸಂದಿಯಿಂದ ನೋಡಿದರೆ ಒಬ್ಬ ಡಾಕ್ಟರ್ ಕಪ್ಪು ಚೀಲ ಒತ್ತುತ್ತಾ ಕೂತಿದ್ದರಂತೆ. ಅವರ ಕೈ ಸೋತಾಗ ನರ್ಸಮ್ಮ ಒತ್ತುತ್ತಿದ್ದರಂತೆ. ಕೋಳಿ ಕೂಗುವ ಹೊತ್ತಿಗೆ ಹುಡುಗಿ ಎದ್ದಳು. ನಂತರ ಆಕೆ ಮದುವೆಯಾಗಿ, ಮಕ್ಕಳಾಗಿ ಚೆನ್ನಾಗಿಯೇ ಇದ್ದಳು. ಆ ಮನೆಯಲ್ಲಿ ಅದು ದೇವರು ಕಾಪಾಡಿದ ಕಥೆಯಾಗಿ ಉಳಿದಿತ್ತು. ನನ್ನ ಕಿವಿಗೆ ಅದು ರೋಗಪತ್ತೆಯ ವರದಿಯಂತೆ ಕೇಳಿಸಿತು.

ಮರುದಿನ ಆ ಹೆಣ್ಣುಮಗಳಿಗೆ ಸ್ಕೋಲಿನ್ ಮುಟ್ಟಿಸಲೇ ಇಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಷನ್ ಮುಗಿಸಿದೆವು. ಆಕೆ ಉದ್ದಕ್ಕೂ ಎಚ್ಚರವಾಗಿದ್ದು, ಮಗ ಊಟ ಮಾಡಿದನೋ ಇಲ್ಲವೋ ಎಂದು ನನ್ನನ್ನು ಮೂರು ಸಲ ಕೇಳಿದಳು. ಆಕೆಯ ರಕ್ತವನ್ನು ಪರೀಕ್ಷೆಗೆ ಕಳಿಸಿದೆ. ಅದೇನು ಅಪರೂಪದ ಪರೀಕ್ಷೆಯಲ್ಲ. ಹೊಲಕ್ಕೆ ಹೊಡೆಯುವ ಕೀಟನಾಶಕದ ವಿಷವೇರಿದವರಲ್ಲಿ ಇದೇ ಕಿಣ್ವದ ಮಟ್ಟ ಕುಸಿಯುವುದರಿಂದ, ರೈತಾಪಿ ಊರುಗಳ ದೊಡ್ಡ ಪ್ರಯೋಗಾಲಯಗಳಿಗೆ ಇದು ಚಿರಪರಿಚಿತ. ವರದಿ ಬಂತು. ಆಕೆಯ ರಕ್ತದಲ್ಲಿ ಆ ಕಿಣ್ವ ಹೆಚ್ಚುಕಡಿಮೆ ಇರಲೇ ಇಲ್ಲ.

ಅತ್ತೆಯಲ್ಲಿದ್ದದ್ದು ಸೊಸೆಯಲ್ಲಿ ಬಂದದ್ದು ಹೇಗೆ? ಪ್ರತಿಯೊಬ್ಬರಲ್ಲೂ ಈ ಕಿಣ್ವದ ವಂಶವಾಹಿ ಎರಡು ಪ್ರತಿಗಳಲ್ಲಿರುತ್ತದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ದೊಡ್ಡ ತೊಂದರೆ. ಈಕೆಯ ತಂದೆ–ತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರು. ಒಂದೇ ಮುತ್ತಜ್ಜನ ಕೆಟ್ಟ ಪ್ರತಿ ಎರಡು ದಾರಿಯಿಂದ ಬಂದು ಮಗಳಲ್ಲಿ ಕೂಡಿಕೊಂಡಿತ್ತು.

ಯಾವ ದೇಶ, ಯಾವ ಜಾತಿಯವರಲ್ಲಾದರೂ ಈ ಕೊರತೆ ಇರಬಹುದು. ಯುರೋಪಿನ ಮೂಲದವರಲ್ಲಿ ಸುಮಾರು ಮೂರು ಸಾವಿರಕ್ಕೆ ಒಬ್ಬರಲ್ಲಿ ಎರಡೂ ಪ್ರತಿ ಕೆಟ್ಟಿರುತ್ತವೆ. ನಮ್ಮ ದಕ್ಷಿಣ ಭಾರತದಲ್ಲಿ ಒಂದು ವಿಶೇಷವಿದೆ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಹರಡಿಕೊಂಡಿರುವ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಅರಿವಳಿಕೆ ವೈದ್ಯರಿಗೆ ಇದು ಅನುಭವದಿಂದ ಮೊದಲೇ ತಿಳಿದಿತ್ತು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಹಿಂದಿರುವ ವಂಶವಾಹಿಯ ಬದಲಾವಣೆಯನ್ನು ಗುರುತಿಸಿದರು. ಕಿಣ್ವದ ಸರಪಳಿಯ 307ನೆಯ ಮಣಿ ಬದಲಾಗಿತ್ತು, ಅಷ್ಟೇ.

ಇದರಲ್ಲಿ ಆ ಸಮುದಾಯದವರು ಮುಖ ಸಣ್ಣಗೆ ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಬಹಳ ಹಿಂದೆ ಕೆಲವೇ ಕುಟುಂಬಗಳಿಂದ ಬೆಳೆದು, ತಮ್ಮತಮ್ಮಲ್ಲೇ ಮದುವೆಯಾಗುತ್ತಾ ಬಂದ ಪ್ರತಿ ಗುಂಪಿನಲ್ಲೂ ಇಂಥದ್ದೊಂದು ಅಡಗಿರಬಹುದು. ಹೈದರಾಬಾದಿನ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು ಸೇರಿ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಅಧ್ಯಯನ ಪ್ರಕಟಿಸಿದರು. ಅವುಗಳಲ್ಲಿ 81 ಗುಂಪುಗಳು ಹೀಗೆ ಕೆಲವೇ ಪೂರ್ವಜರಿಂದ ಬೆಳೆದಂಥವು. ಒಬ್ಬೊಬ್ಬರ ಹಿತ್ತಲಲ್ಲಿ ಒಂದೊಂದು ಗಿಡ!

ಹೊರದೇಶದ ಎರಡು ಮನೆಗಳ ಕಥೆಯನ್ನೂ ಕೇಳಿ. ನಮ್ಮ ಪುಸ್ತಕಗಳಲ್ಲಿ ಇವನ್ನು ಓದಿದಾಗ ನನಗೆ ನಮ್ಮೂರಿನ ಅಜ್ಜಿಯಂದಿರೇ ನೆನಪಾಗುತ್ತಿದ್ದರು.

1688ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ಒಂದು ಮದುವೆ ನಡೆಯಿತು. ಗಂಡು ಗೆರಿಟ್ ಯಾನ್ಸ್ ಎಂಬ ಡಚ್ ವಲಸಿಗ. ಹೆಣ್ಣು ಹಾಲೆಂಡಿನಿಂದ ಹಡಗಿನಲ್ಲಿ ಬಂದ ಅನಾಥ ಹುಡುಗಿ ಅರಿಯಾಂತ್ಯೆ. ಅವರ ವಂಶ ಬೆಳೆದು ಸಾವಿರಾರು ಮಂದಿಯಾಯಿತು. ಆ ವಂಶದ ಅನೇಕರಿಗೆ ಬಿಸಿಲಿಗೆ ಕೈಯ ಹಿಂಬದಿಯಲ್ಲಿ ಬೊಕ್ಕೆ ಏಳುತ್ತಿತ್ತು. ಸ್ವಲ್ಪ ತಾಗಿದರೂ ಚರ್ಮ ಸುಲಿಯುತ್ತಿತ್ತು. ಮನೆಯವರು ಅದನ್ನು ತಮ್ಮ ಮನೆತನದ ಗುರುತೆಂದೇ ತಿಳಿದು, ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದರು. ಇನ್ನೂರೈವತ್ತು ವರ್ಷ ಅದರಿಂದ ದೊಡ್ಡ ಅಪಾಯವೇನೂ ಕಾಣಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನಿದ್ದೆಗೂ ಅರಿವಳಿಕೆಗೂ ಬಾರ್ಬಿಚುರೇಟ್ ಎಂಬ ಗುಂಪಿನ ಔಷಧಗಳು ಬಂದವು. ಆಪರೇಷನ್ನಿಗೆ ಮೊದಲು ಕೊಡುತ್ತಿದ್ದ ಥಯೋಪೆಂಟೋನ್ ಆ ಗುಂಪಿನದೇ. ಈ ವಂಶದವರಿಗೆ ಅದನ್ನು ಕೊಟ್ಟಾಗ ಕೆಲವರಿಗೆ ಭಯಂಕರ ಹೊಟ್ಟೆನೋವು, ಬುದ್ಧಿಭ್ರಮೆ, ಕಡೆಗೆ ನರಗಳು ಸೋತು ಕೈಕಾಲು ಬೀಳುವುದು, ಉಸಿರು ನಿಲ್ಲುವುದು ಆಗತೊಡಗಿತು.

ಕಾಯಿಲೆಯ ಹೆಸರು ಪೊರ್ಫಿರಿಯಾ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತುವನ್ನು ದೇಹ ತಯಾರಿಸುವ ಹಾದಿಯಲ್ಲಿ ಒಂದು ಕಿಣ್ವ ಕಡಿಮೆಯಾಗಿರುತ್ತದೆ. ಕೆಲವು ಔಷಧಗಳು ಬಂದು ಆ ಹಾದಿಯನ್ನು ಅವಸರಪಡಿಸಿದರೆ, ಅರ್ಧಂಬರ್ಧ ತಯಾರಾದ ಸರಕು ದೇಹದಲ್ಲಿ ತುಂಬಿಕೊಂಡು, ನರಗಳು ಹಾನಿಗೊಳ್ಳುತ್ತವೆ. ಮೂತ್ರ ಕೆಂಪಾಗುತ್ತದೆ. ಜೆಫ್ರಿ ಡೀನ್ ಎಂಬ ವೈದ್ಯರು ಪೋರ್ಟ್ ಎಲಿಜಬೆತ್ ಊರಿನಲ್ಲಿ ಇಂಥ ರೋಗಿಗಳನ್ನು ಕಂಡು, ಮನೆಮನೆಗೆ ಹೋದರು. "ನಿಮ್ಮ ತಾಯಿಯ ಕೈ ಹೇಗಿತ್ತು? ಅಜ್ಜನ ಕೈ?" ಎಂದು ಹಿರಿಯರನ್ನು ಕೇಳುತ್ತಾ, ಚರ್ಚಿನ ದಾಖಲೆಗಳೊಂದಿಗೆ ತಾಳೆ ನೋಡುತ್ತಾ, ಹಿಂದೆ ಹಿಂದೆ ನಡೆದು 1688ರ ಆ ಮದುವೆಯವರೆಗೆ ತಲುಪಿದರು. 1990ರ ದಶಕದಲ್ಲಿ ವಂಶವಾಹಿ ಪರೀಕ್ಷೆ ನಡೆಸಿದವರಿಗೆ ಆ ಕುಟುಂಬಗಳಲ್ಲಿ ಒಂದೇ ಬಗೆಯ ಬದಲಾವಣೆ ಸಿಕ್ಕಿತು. ಅಜ್ಜಿಯಂದಿರು ಕೈಯ ಬೊಕ್ಕೆಯನ್ನು ನೆನಪಿಟ್ಟುಕೊಂಡದ್ದು ಸಾರ್ಥಕವಾಗಿತ್ತು.

ಎರಡನೆಯದು ಆಸ್ಟ್ರೇಲಿಯಾದ ಮೆಲ್ಬರ್ನ್, 1960. ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೊಬ್ಬ ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದ. ಮುರಿದ ಕಾಲಿಗಿಂತ ಅವನಿಗೆ ಅರಿವಳಿಕೆಯದೇ ಭಯ. ಏಕೆಂದರೆ ಅವನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ಅರಿವಳಿಕೆ ಪಡೆದಾಗ ತೀರಿಕೊಂಡಿದ್ದರು. ಅವರದೂ ಆಪರೇಷನ್ ಆಗಿಬರದ ಮನೆ! ವೈದ್ಯರು ಈಥರ್ ಬಿಟ್ಟು, ಆಗ ಹೊಸದಾಗಿದ್ದ ಹಾಲೋಥೇನ್ ಕೊಟ್ಟರು. ಹತ್ತು ನಿಮಿಷದಲ್ಲಿ ಹುಡುಗನ ರಕ್ತದೊತ್ತಡ ಕುಸಿದು, ಮೈ ಕೆಂಡದಂತೆ ಕಾಯತೊಡಗಿತು. ಅರಿವಳಿಕೆ ನಿಲ್ಲಿಸಿ, ಸುತ್ತ ಮಂಜುಗಡ್ಡೆ ಹಾಕಿ ಉಳಿಸಿಕೊಂಡರು. ಮೈಕೇಲ್ ಡೆನ್‌ಬರೋ ಎಂಬ ವೈದ್ಯರು ಅವನ ಕುಟುಂಬದ ಕಥೆಯನ್ನು ಬಿಡಿಸಿ ನೋಡಿ, ಸಹೋದ್ಯೋಗಿಯೊಂದಿಗೆ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಮಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದು ಇಂದು ಕರೆಯುವ ಈ ತೊಂದರೆ ವಂಶದಲ್ಲಿ ಹರಿದು ಬರುತ್ತದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ.

ಇಲ್ಲಿ ಕೆಟ್ಟಿರುವುದು ಸ್ನಾಯುವಿನೊಳಗಿನ ಒಂದು ತೂಬು. ನರ ಆಜ್ಞೆ ಕೊಟ್ಟಾಗ ಸ್ವಲ್ಪ ತೆರೆದು ಕ್ಯಾಲ್ಸಿಯಂ ಬಿಟ್ಟು ಮುಚ್ಚಿಕೊಳ್ಳಬೇಕಾದದ್ದು, ಕೆಲವು ಅರಿವಳಿಕೆ ಅನಿಲಗಳು ಅಥವಾ ಸ್ಕೋಲಿನ್ ಸೋಂಕಿದರೆ ತೆರೆದೇ ಉಳಿಯುತ್ತದೆ. ಇಡೀ ಮೈಯ ಸ್ನಾಯುಗಳು ಬಿಗಿದು, ಮ್ಯಾರಥಾನ್ ಓಡುವವನಂತೆ ಉರಿಯುತ್ತವೆ. 1975ರಲ್ಲಿ ಇದೇ ತೊಂದರೆಯಿದ್ದ ಹಂದಿಗಳಲ್ಲಿ ಡಾಂಟ್ರೋಲಿನ್ ಎಂಬ ಔಷಧ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಅಂದು ಹೆಚ್ಚಿನವರು ಬದುಕುತ್ತಿರಲಿಲ್ಲ. ಇಂದು ಬೇಗ ಗುರುತಿಸಿ ಆ ಔಷಧ ಕೊಟ್ಟರೆ ಹೆಚ್ಚಿನವರು ಬದುಕುತ್ತಾರೆ. ಮೊದಲೇ ಗೊತ್ತಿದ್ದರಂತೂ ಆ ಅನಿಲಗಳ ಗೋಜಿಗೇ ಹೋಗದೆ, ಬೇರೆ ಔಷಧಗಳಿಂದ ಆಪರೇಷನ್ ಮಾಡಬಹುದು.

ಈ ಮೂರೂ ಕಥೆಗಳಲ್ಲಿ ಯಂತ್ರಕ್ಕಿಂತ ಮೊದಲು ತಿಳಿದಿದ್ದದ್ದು ಮನೆಯವರಿಗೆ. ಆದರೆ ಮನೆಯವರಿಗೆ ತಿಳಿದದ್ದು ಡಾಕ್ಟರ ಕಿವಿಗೆ ಬೀಳಬೇಕಲ್ಲ! ನನ್ನ ಅನುಭವದಲ್ಲಿ ಅದಕ್ಕೆ ಅಡ್ಡ ಬರುವುದು ಮೂರು ಸಂಗತಿ. ಒಂದು, ಶುಭ ಕಾರ್ಯಕ್ಕೆ ಹೊರಟವರ ಮುಂದೆ ಕೆಟ್ಟದ್ದು ಆಡಬಾರದೆಂಬ ನಂಬಿಕೆ. ಎರಡು, ಹೇಳಿಬಿಟ್ಟರೆ ಆಪರೇಷನ್ ಮಾಡುವುದಿಲ್ಲವೇನೋ ಎಂಬ ಭಯ. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಮನೆಯಲ್ಲಿ ಹೀಗಿದೆ ಎಂದು ಗೊತ್ತಾದರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಅಳುಕು.

ಹಿರಿಯರೇ, ಮೂರನ್ನೂ ಬಿಡಿ. ನೀವು ಹೇಳಿದ್ದಕ್ಕಾಗಿ ಯಾರೂ ಆಪರೇಷನ್ ನಿಲ್ಲಿಸುವುದಿಲ್ಲ, ಔಷಧ ಬದಲಿಸುತ್ತಾರೆ. ಸ್ಕೋಲಿನ್ನಿನ ಜಾಗದಲ್ಲಿ ರೋಕ್ಯುರೋನಿಯಂ ಇದೆ. ಅದನ್ನು ಸುತ್ತುವರಿದು ಕಟ್ಟಿಹಾಕುವ ಸುಗಮಾಡೆಕ್ಸ್ ಎಂಬ ಮರುಮದ್ದೂ ಬಂದಿದೆ. ಥಯೋಪೆಂಟೋನ್ ಜಾಗಕ್ಕೆ ಪ್ರೊಪೊಫಾಲ್ ಬಂದಿದೆ. ಮರಗಟ್ಟಿಸುವ ಇಂಜೆಕ್ಷನ್‌ಗಳಿವೆ. ನಾವು ಏನನ್ನು ಬಿಡಬೇಕು ಎಂದು ಗೊತ್ತಾದರೆ ಸಾಕು, ಬಳಸಲು ಬೇಕಾದಷ್ಟಿವೆ.

"ಆಗಿಬರಲಿಲ್ಲ" ಎನ್ನುವುದೆಲ್ಲ ಇಂಥದ್ದೇ ಆಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಎದ್ದ ಮೇಲೆ ವಾಂತಿಯಾದದ್ದು, ಗಂಟಲು ಕೆರೆದದ್ದು, ಚಳಿಯಿಂದ ನಡುಗಿದ್ದು ಸಾಮಾನ್ಯ. ಎಪ್ಪತ್ತರ ಅಜ್ಜ ಸೊಂಟದ ಮೂಳೆಯ ಆಪರೇಷನ್ ಆದ ರಾತ್ರಿ ಮಗನನ್ನೇ ಗುರುತಿಸದೆ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕೂಗಾಡಿದರೆ, ಅದು ಹುಚ್ಚಲ್ಲ. ವಂಶದ ದೋಷವೂ ಅಲ್ಲ. ವಯಸ್ಸಾದವರಲ್ಲಿ ಆಪರೇಷನ್ನಿನ ಆಯಾಸ, ನೋವು, ಔಷಧ, ನಿದ್ದೆಗೇಡು ಎಲ್ಲ ಸೇರಿ ಬರುವ ತಾತ್ಕಾಲಿಕ ಗಲಿಬಿಲಿ ಅದು. ಅನೇಕರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಅವರ ಕನ್ನಡಕ, ಕಿವಿಯ ಯಂತ್ರ ಕೈಗೆ ಕೊಡಿ. ಹಗಲು ಬೆಳಕಿರಲಿ, ರಾತ್ರಿ ಕತ್ತಲಿರಲಿ. ಪರಿಚಿತ ದನಿಯಲ್ಲಿ ಇಂದು ಯಾವ ವಾರ, ಎಲ್ಲಿದ್ದೀರಿ ಎಂದು ಹೇಳುತ್ತಿರಿ. ಮೊಮ್ಮಕ್ಕಳ ದನಿಗಿಂತ ಪರಿಚಿತವಾದದ್ದು ಯಾವುದಿದೆ? ಮುಂದೊಮ್ಮೆ ಆಪರೇಷನ್ ಬಂದರೆ ಇದನ್ನೂ ಡಾಕ್ಟರಿಗೆ ಹೇಳಿ.

ಇನ್ನು ಶಾಲೆಯ ಮಕ್ಕಳಿಗೆ ನನ್ನದೊಂದು ಕೋರಿಕೆ. ಈ ಭಾನುವಾರ ಒಂದು ಹಾಳೆ, ಪೆನ್ನು ಹಿಡಿದು ಅಜ್ಜ–ಅಜ್ಜಿಯ ಪಕ್ಕ ಕೂತುಕೊಳ್ಳಿ. ಊರಿನಲ್ಲಿದ್ದರೆ ಫೋನು ಮಾಡಿ. ಹೀಗೆ ಕೇಳಿ:

1. ನಮ್ಮ ಕುಟುಂಬದಲ್ಲಿ ಯಾರಿಗೆ, ಯಾವಾಗ, ಯಾವ ಆಪರೇಷನ್ ಆಗಿದೆ?
2. ಆಪರೇಷನ್ ಮುಗಿದ ಮೇಲೆ ಯಾರಾದರೂ ಎಷ್ಟೋ ಹೊತ್ತು ಏಳದೆ, ಉಸಿರಾಡದೆ ಇದ್ದದ್ದು ಉಂಟೇ? ಚೀಲ ಒತ್ತಿದ್ದು, ಮೆಷಿನ್ನಿಗೆ ಹಾಕಿದ್ದು ನೆನಪಿದೆಯೇ?
3. ಆಪರೇಷನ್ ಮೇಜಿನ ಮೇಲೆಯೇ ಯಾರಿಗಾದರೂ ವಿಪರೀತ ಜ್ವರ ಬಂದು ಮೈ ಸೆಟೆದುಕೊಂಡಿತ್ತೇ?
4. ಯಾವುದಾದರೂ ಔಷಧದ ನಂತರ ಕೈಕಾಲಿನ ಶಕ್ತಿ ಹೋದದ್ದು, ಕಾರಣವಿಲ್ಲದ ಹೊಟ್ಟೆನೋವು, ಮೂತ್ರ ಕೆಂಪಾದದ್ದು ಉಂಟೇ?
5. ಆಪರೇಷನ್ ಹೊತ್ತಿನಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಡಾಕ್ಟರು ಏನು ಕಾರಣ ಹೇಳಿದ್ದರು?
6. ಹಳೆಯ ಆಸ್ಪತ್ರೆ ಚೀಟಿಗಳು ಮನೆಯಲ್ಲಿ ಎಲ್ಲಿವೆ?

ಐದನೆಯ ಪ್ರಶ್ನೆ ಕೇಳುವಾಗ ಮೆಲ್ಲಗೆ ಕೇಳಿ. ಅಜ್ಜಿಯ ಕಣ್ಣು ತುಂಬಿಬಂದರೆ ಹಾಳೆ ಬದಿಗಿಟ್ಟು ಕೈ ಹಿಡಿದುಕೊಳ್ಳಿ. ಉಳಿದದ್ದು ಇನ್ನೊಂದು ದಿನ ಬರೆದುಕೊಂಡರಾಯಿತು.

ಎರಡು, ಮೂರು, ನಾಲ್ಕಕ್ಕೆ ಉತ್ತರ "ಇಲ್ಲ" ಎಂದೇ ಬರುವುದು ಹೆಚ್ಚು. ಒಳ್ಳೆಯದೇ ಆಯಿತು. ಆಗಲೂ ಬರೆದಿಡಿ. "ಹೌದು" ಎಂದರೆ ಹೆದರಬೇಡಿ. ಆ ಹಾಳೆಯನ್ನು ಒಬ್ಬ ಅರಿವಳಿಕೆ ವೈದ್ಯರಿಗೆ ತೋರಿಸಿ. ಸಂಶಯವಿದ್ದರೆ ಪರೀಕ್ಷೆ ಮಾಡಿಸುತ್ತಾರೆ. ಖಚಿತವಾದರೆ ಯಾವ ಔಷಧ ಕೊಡಬಾರದು ಎಂದು ಬರೆದ ಪತ್ರ ಕೊಡುತ್ತಾರೆ. ಅದರ ಪ್ರತಿಗಳನ್ನು ಅಕ್ಕ, ಅಣ್ಣ, ಚಿಕ್ಕಪ್ಪ, ಅತ್ತೆ ಎಲ್ಲರಿಗೂ ಹಂಚಿ. ಅವರ ಮಕ್ಕಳೂ ಅದೇ ವಂಶದವರಲ್ಲವೇ?

ಸಣ್ಣಜ್ಜಿಯ ಕಥೆ ಹೇಳಿದ ಆ ಹುಡುಗನ ರಕ್ತವನ್ನೂ ಅಂದು ಪರೀಕ್ಷೆ ಮಾಡಿಸಿದ್ದೆವು. ಅವನಲ್ಲಿ ಒಂದು ಪ್ರತಿ ಚೆನ್ನಾಗಿಯೇ ಇದ್ದಿರಬೇಕು. ಕಿಣ್ವದ ಮಟ್ಟ ಸ್ವಲ್ಪ ಕಡಿಮೆಯಿದ್ದರೂ ಕೆಲಸಕ್ಕೆ ಸಾಕಷ್ಟಿತ್ತು. ಅವನ ಅಜ್ಜ ಮನೆಗೆ ಹೊರಡುವ ದಿನ ನನ್ನ ಬಳಿ ಬಂದು, ವರದಿಯ ಇನ್ನೂ ನಾಲ್ಕು ಪ್ರತಿ ಬೇಕೆಂದು ಕೇಳಿದರು. "ತಮ್ಮಂದಿರಿಗೂ ತಂಗಿಗೂ ಒಂದೊಂದು," ಎಂದರು.

ಮನೆಯಲ್ಲಿ ಒಡವೆ ಪತ್ರ, ಜಮೀನಿನ ಪಹಣಿ, ರೇಷನ್ ಕಾರ್ಡು ಇಡುವ ಒಂದು ಡಬ್ಬಿಯೋ ಪೆಟ್ಟಿಗೆಯೋ ಇರುತ್ತದಲ್ಲ? ನೀವು ಬರೆದ ಹಾಳೆಯನ್ನು ಅದರಲ್ಲಿಡಿ. ಯಾರಾದರೂ ಆಸ್ಪತ್ರೆಗೆ ಹೊರಟರೆ ಬಟ್ಟೆಬರೆ ಕಟ್ಟುವ ಮೊದಲು ಅದನ್ನು ಎತ್ತಿಕೊಳ್ಳಿ. ವಾರ್ಡಿಗೆ ಬರುವ ಅರಿವಳಿಕೆ ವೈದ್ಯರು ಕೇಳದಿದ್ದರೂ ನೀವಾಗಿಯೇ ಅವರ ಕೈಗೆ ಕೊಡಿ.